ಕಡಿಮೆ ಓಡಿದ ಕಾರು, ಜೋಪಾನವಾಗಿಟ್ಟ ಕಾಗದ

ಎರಡೇ ಸೀಟಿನ ಕಾರು ಒಂದು ಮನೆಯಲ್ಲಿ ಎಷ್ಟು ವರ್ಷ ಇರಬೇಕೆಂದು ತೀರ್ಮಾನಿಸುವುದು ಅದರ ಎಂಜಿನ್ ಅಲ್ಲ, ಮನೆಯೊಳಗಿನ ತೊಟ್ಟಿಲು. ಮದುವೆಗೆ ಮುಂಚೆ ಆಸೆಪಟ್ಟು ಕೊಂಡದ್ದು, ಮದುವೆಯ ನಂತರ ಗಂಡ ಹೆಂಡತಿ ಮಾಡು ಮಡಚಿ ಸಮುದ್ರ ತೀರದವರೆಗೆ ಹೋಗಿ ಬಂದದ್ದು ಎಲ್ಲವೂ ಚೆಂದವೇ. ಆದರೆ ಮಗು ಬಂದ ಮೇಲೆ? ಮಗುವಿನ ಸೀಟನ್ನು ಕಟ್ಟಿದರೆ ಮಗುವಿನ ತಾಯಿಗೆ ಜಾಗವಿಲ್ಲ. ಅದರ ಮೇಲೆ, ಹಿಂದಕ್ಕೆ ಮುಖ ಮಾಡುವ ಶಿಶು ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಇಡುವುದು ಬ್ರಿಟನ್ನಿನಲ್ಲಿ ಕಾನೂನಿಗೆ ವಿರುದ್ಧ. ಹಾಗಾಗಿ ಕಾರು ಗ್ಯಾರೇಜು ಸೇರುತ್ತದೆ. ಮೇಲೊಂದು ಹೊದಿಕೆ ಬೀಳುತ್ತದೆ. ನಾಲ್ಕಾರು ವರ್ಷ ಕಳೆದ ಮೇಲೆ ಒಂದು ದಿನ ಮನೆಯಾಕೆ ಕೇಳುತ್ತಾಳೆ: ‘ಇದನ್ನು ಯಾರಿಗಾಗಿ ಇಟ್ಟುಕೊಂಡಿದ್ದೀರಿ?’

ಇನ್ನು ಕೆಲವು ಮನೆಗಳಲ್ಲಿ ಕಾರಣ ತೊಟ್ಟಿಲಲ್ಲ, ಮೊಣಕಾಲು. ಈ ಕಾರುಗಳ ಸೀಟು ನೆಲಕ್ಕೆ ಅಂಟಿಕೊಂಡಂತೆ ಇರುತ್ತದೆ. ನಿವೃತ್ತಿಯ ನಂತರ ಹವ್ಯಾಸಕ್ಕೆಂದು ಕೊಂಡವರು ಕೆಲವು ವರ್ಷಗಳಲ್ಲೇ ಒಳಗೆ ಇಳಿಯಲೂ ಆಗದೆ, ಹೊರಗೆ ಏಳಲೂ ಆಗದೆ ಸೋಲುತ್ತಾರೆ. ಹಾಗೆಯೇ ಯಜಮಾನ ತೀರಿಕೊಂಡು ಕೀಲಿಕೈ ಮೊಳೆಯಲ್ಲಿ ತೂಗಾಡುತ್ತಾ ಉಳಿದ ಮನೆಗಳೂ ಇವೆ. ಹೀಗೆ ಮಾರಾಟಕ್ಕೆ ಬರುವ ಕಾರುಗಳ ಜಾಹೀರಾತಿನಲ್ಲೆಲ್ಲ ಒಂದೇ ಪಲ್ಲವಿ: ಹಳೆಯ ಮಾಡೆಲ್, ಕಡಿಮೆ ಓಡಿದೆ, ಚೆನ್ನಾಗಿ ನೋಡಿಕೊಂಡಿದ್ದೇವೆ. ಮೊದಲ ಮಾತನ್ನು ಯಾರೂ ಅನುಮಾನಿಸುವುದಿಲ್ಲ. ಉಳಿದ ಎರಡನ್ನು ಮಾರುವವರು ಸಾಬೀತು ಮಾಡಬೇಕಾಗುತ್ತದೆ. ಕಷ್ಟ ಇರುವುದು ಅಲ್ಲಿಯೇ.

ಬ್ರಿಟನ್ನಿನಲ್ಲಿ ಇಂತಹ ಕಾರು ಎಂದರೆ ಹೆಚ್ಚಾಗಿ ಮಾಜ್ಡಾ ಎಂಎಕ್ಸ್-5. ನಮ್ಮೂರಿನವರಿಗೆ ಮಾಜ್ಡಾ ಎಂದರೆ ನೆನಪಾಗುವುದು ಸ್ವರಾಜ್ ಮಾಜ್ಡಾ ಲಾರಿ, ಶಾಲೆಯ ಬಸ್ಸು. ಅದೇ ಜಪಾನ್ ಕಂಪೆನಿಯ ಕೂಸು ಇದು. ವೈದ್ಯ ವೃತ್ತಿಗೋ ಕಂಪ್ಯೂಟರ್ ಕೆಲಸಕ್ಕೋ ಇಂಗ್ಲೆಂಡಿಗೆ ಹೋಗಿ ನೆಲೆಸಿದ ನಮ್ಮ ಬಂಧುಗಳು ಪಕ್ಕದ ಮನೆಯ ಅಂಗಳದಲ್ಲಿ ಇದನ್ನು ಖಂಡಿತ ನೋಡಿರುತ್ತಾರೆ.

ಇದರ ಹುಟ್ಟಿನ ಕತೆಯೂ ಸ್ವಾರಸ್ಯದ್ದು. ಮಾಡಿಲ್ಲದ ಪುಟ್ಟ ಸ್ಪೋರ್ಟ್ಸ್ ಕಾರು ಮೂಲತಃ ಇಂಗ್ಲಿಷರ ಹುಚ್ಚು. ವರ್ಷದ ಬಹುಪಾಲು ಮಳೆ ಸುರಿಯುವ ದೇಶದವರಿಗೆ ಮಾಡಿಲ್ಲದ ಕಾರಿನ ಮೋಹ ಏಕೆ ಎಂಬುದು ಬೇರೆಯೇ ಪ್ರಶ್ನೆ! 1962ರಿಂದ ತಯಾರಾಗುತ್ತಿದ್ದ ಅವರ ಪ್ರಸಿದ್ಧ ಎಂಜಿಬಿ ಕಾರು 1980ರಲ್ಲಿ ನಿಂತುಹೋಯಿತು. ಅದೇ ಹೊತ್ತಿಗೆ ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತ ಅಂತಹ ಹಗುರವಾದ, ಅಗ್ಗದ ತೆರೆದ ಕಾರನ್ನು ನೀವೇಕೆ ಮಾಡಬಾರದೆಂದು ಮಾಜ್ಡಾದ ಕೆನಿಚಿ ಯಾಮಾಮೊಟೊ ಅವರ ಕಿವಿಗೆ ಹಾಕಿದ್ದರು. ಮುಂದೆ ಆತ ಆ ಕಂಪೆನಿಗೇ ಸೇರಿ ಆ ಕೆಲಸದಲ್ಲಿ ಪಾಲ್ಗೊಂಡರು. 1989ರ ಫೆಬ್ರವರಿಯಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಕಾರು ಹೊರಬಂತು, 1990ರಲ್ಲಿ ಬ್ರಿಟನ್ನಿಗೂ ಬಂತು. ಇಂಗ್ಲಿಷರ ಕಾರಿನಂತೆ ಎಣ್ಣೆ ಸೋರುವುದಿಲ್ಲ, ಬೆಳಿಗ್ಗೆ ಕೀಲಿ ತಿರುಗಿಸಿದರೆ ಹೊರಡುತ್ತದೆ. ಜನ ಮುಗಿಬಿದ್ದರು. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಕಾರು ಕಾರ್ಖಾನೆಯಿಂದ ಹೊರಬಂತು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದೆಂದು ಗಿನ್ನೆಸ್ ದಾಖಲೆಯೂ ಇದಕ್ಕಿದೆ. ಕಪ್ಪೆಯ ಕಣ್ಣಿನಂತೆ ಎದ್ದು ನಿಲ್ಲುವ ಹೆಡ್‌ಲೈಟ್ ಇರುವ ಮೊದಲ ಮಾದರಿ 1997ರವರೆಗೆ ಬಂತು. 1998ರಿಂದ 2005ರವರೆಗಿನದ್ದು ಎರಡನೆಯ ಮಾದರಿ. ಈಗ ‘ಹಳೆಯ ಎಂಎಕ್ಸ್-5’ ಎಂದರೆ ಮುಖ್ಯವಾಗಿ ಇವೆರಡೇ.

ಲಕ್ಷಗಟ್ಟಲೆ ಇರುವ ಕಾರಾದ್ದರಿಂದ ಅದು ಅಪರೂಪದ್ದೇನೂ ಅಲ್ಲ. ಕಡಿಮೆ ಓಡಿದ್ದು, ತುಕ್ಕು ಹಿಡಿಯದ್ದು ಮಾತ್ರ ಅಪರೂಪ. ಬೆಲೆ ಬರುವುದು ಅದಕ್ಕೆ.

ನಿಂತ ಕಾರು ಬೇರೆ, ನೋಡಿಕೊಂಡ ಕಾರು ಬೇರೆ

ಮೀಟರ್‌ನಲ್ಲಿ ಅಂಕಿ ಕಡಿಮೆ ಇದ್ದರೆ ಕಾರು ಹೊಸದರಂತೆಯೇ ಇರುತ್ತದೆಂದು ಮಾರುವವರೂ ಕೊಳ್ಳುವವರೂ ನಂಬುತ್ತಾರೆ. ಇದು ಅರ್ಧ ಸತ್ಯ. ಓಡುವುದರಿಂದ ಸವೆಯುವ ಭಾಗಗಳಿವೆ, ಓಡದೆ ಹಾಳಾಗುವ ಭಾಗಗಳೂ ಇವೆ. ಉಪಯೋಗಿಸದ ಬಾವಿಯ ನೀರು ಕೆಡುವಂತೆ ನಿಂತ ಕಾರೂ ಕೆಡುತ್ತದೆ.

ಟಯರನ್ನೇ ನೋಡಿ. ಗೀರುಗಳು ಆಳವಾಗಿ, ಹೊಸದರಂತೆ ಕಾಣುತ್ತವೆ. ಆದರೆ ಅದರ ಪಕ್ಕದಲ್ಲಿ ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ. ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. 2309 ಎಂದಿದ್ದರೆ 2009ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಅಷ್ಟು ಹಳೆಯ ರಬ್ಬರ್ ಗಟ್ಟಿಯಾಗಿ, ಒದ್ದೆ ರಸ್ತೆಯಲ್ಲಿ ಹಿಡಿತ ಕಳೆದುಕೊಂಡಿರುತ್ತದೆ. ಇಬ್ಬರು ಕೂರುವ, ಹಿಂದಿನ ಚಕ್ರದಿಂದ ಓಡುವ, ಒಂದು ಟನ್ನಿನಷ್ಟೇ ತೂಗುವ ಕಾರಿನಲ್ಲಿ ಇದು ಸಣ್ಣ ಮಾತಲ್ಲ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆನ್ನುತ್ತಾರೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಹಳಸುತ್ತದೆ. ಈ ಎರಡು ಮಾದರಿಗಳಲ್ಲಿ ಬ್ಯಾಟರಿ ಇರುವುದು ಮುಂದೆ ಅಲ್ಲ, ಡಿಕ್ಕಿಯಲ್ಲಿ. ಅದು ಸತ್ತಿದೆಯೋ ಬದುಕಿದೆಯೋ ಎಂದು ಹಲವರು ಕೊಳ್ಳುವವನು ಬರುವ ದಿನದವರೆಗೂ ನೋಡಿರುವುದಿಲ್ಲ. ಟೈಮಿಂಗ್ ಬೆಲ್ಟನ್ನು ಸಾಮಾನ್ಯವಾಗಿ 60,000 ಮೈಲಿಗೆ ಬದಲಿಸುತ್ತಾರೆ. ಆದರೆ 25,000 ಮೈಲಿ ಮಾತ್ರ ಓಡಿದ ಮೂವತ್ತು ವರ್ಷದ ಕಾರಿನಲ್ಲಿ ಮೂಲ ಬೆಲ್ಟೇ ಇದೆ ಎಂದರೆ ತಿಳಿದವರು ಮೆಚ್ಚುವುದಿಲ್ಲ, ಬೆಲೆಯಿಂದ ಅಷ್ಟನ್ನು ಕಳೆಯುತ್ತಾರೆ. ರಬ್ಬರಿಗೆ ಮೈಲಿಯ ಲೆಕ್ಕ ಮಾತ್ರವಲ್ಲ, ವರ್ಷದ ಲೆಕ್ಕವೂ ಇದೆ.

ಮಡಚುವ ಮಾಡಿನದ್ದು ಇನ್ನೊಂದು ಪುರಾಣ. ಮೊದಲ ಮಾದರಿಯಲ್ಲಿ ಹಿಂಬದಿಯ ಕಿಟಕಿ ಗಾಜಿನದಲ್ಲ, ಪ್ಲಾಸ್ಟಿಕ್ಕಿನದು. ಮಾಡನ್ನು ಇಳಿಸುವ ಮುನ್ನ ಅದರ ಜಿಪ್ ಬಿಚ್ಚಿ ಮಲಗಿಸಬೇಕು. ಅವಸರದಲ್ಲಿ ಹಾಗೆಯೇ ಮಡಚಿದರೆ, ಅದೂ ಚಳಿಯಲ್ಲಿ, ಪ್ಲಾಸ್ಟಿಕ್ ಬಿರಿಯುತ್ತದೆ. ಕಿಟಕಿ ಮಸುಕಾಗದೆ, ಗೆರೆ ಬೀಳದೆ ಉಳಿದಿದ್ದರೆ ಆ ಮನೆಯವರು ಪ್ರತಿ ಸಲವೂ ಜಿಪ್ ಬಿಚ್ಚಿದವರು ಎಂದೇ ಅರ್ಥ. ಕಾರನ್ನು ನೋಡಲು ಬಂದ ಅನುಭವಿ ಎಂಜಿನ್ನಿಗಿಂತ ಮೊದಲು ಈ ಕಿಟಕಿಯನ್ನು ನೋಡುವುದು ಇದಕ್ಕಾಗಿಯೇ. ಎರಡನೆಯ ಮಾದರಿಯಲ್ಲಿ ಗಾಜು ಬಂದು ಈ ಪಜೀತಿ ತಪ್ಪಿತು.

ಒಳಗಿನ ತುಕ್ಕು

ಎಲ್ಲಕ್ಕಿಂತ ದೊಡ್ಡ ವಿಷಯ ತುಕ್ಕು. ಚಳಿಗಾಲದಲ್ಲಿ ಬ್ರಿಟನ್ನಿನ ರಸ್ತೆಗಳಿಗೆ ಹಿಮಗಟ್ಟದಂತೆ ಉಪ್ಪು ಎರಚುತ್ತಾರೆ. ಕಬ್ಬಿಣಕ್ಕೆ ಉಪ್ಪು ಏನು ಮಾಡುತ್ತದೆಂದು ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಎಂಎಕ್ಸ್-5ರಲ್ಲಿ ಇದಕ್ಕೊಂದು ವಿಶೇಷ ದಾರಿಯೂ ಇದೆ. ಮಾಡಿನ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿರುವ ಸಣ್ಣ ತೂತುಗಳ ಮೂಲಕ ಕೆಳಗಿಳಿದು ಹೊರಗೆ ಹೋಗಬೇಕು. ಮರದಡಿ ನಿಲ್ಲಿಸಿದ ಕಾರಿನಲ್ಲಿ ಎಲೆ, ಕಸ ಸೇರಿ ಈ ತೂತು ಕಟ್ಟುತ್ತದೆ. ನೀರು ಹೊರಗೆ ಹೋಗದೆ ಬಾಗಿಲ ಕೆಳಗಿನ ಉದ್ದನೆಯ ಕಬ್ಬಿಣದ ಪೊಳ್ಳಿನೊಳಗೆ ನಿಲ್ಲುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಸಿಲ್ ಎನ್ನುತ್ತಾರೆ. ಹೊರಗೆ ಬಣ್ಣ ಮಿರಮಿರ ಮಿಂಚುತ್ತಿರುವಾಗಲೇ ಒಳಗಿನಿಂದ ಅದು ಕೊಳೆಯುತ್ತದೆ. ಹಿಂದಿನ ಚಕ್ರದ ಮುಂಭಾಗದಲ್ಲಿ ಬಣ್ಣ ಗುಳ್ಳೆ ಎದ್ದಿತೆಂದರೆ ಒಳಗೆ ಕೆಲಸ ಬಹುಪಾಲು ಮುಗಿದಿದೆ ಎಂದು ತಿಳಿಯಬೇಕು. ಎರಡನೆಯ ಮಾದರಿಯಲ್ಲಿ ಮುಂಭಾಗದ ಚಾಸಿಸ್ ಪಟ್ಟಿಗಳಿಗೂ ಇದೇ ಕಾಯಿಲೆ.

ಮಾರುವವರ ಪ್ರಾಮಾಣಿಕತೆ ಪರೀಕ್ಷೆಗೆ ಬೀಳುವುದು ಇಲ್ಲಿ. ಗುಳ್ಳೆಯನ್ನು ಉಜ್ಜಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆಸಿ, ಅಡಿಭಾಗಕ್ಕೆ ಕಪ್ಪು ಡಾಂಬರಿನಂತಹ ಲೇಪ ಬಳಿದರೆ ಫೋಟೋದಲ್ಲಿ ಕಾರು ಮದುಮಗಳಂತೆ ಕಾಣುತ್ತದೆ. ಖರ್ಚೂ ಹೆಚ್ಚಿಲ್ಲ. ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿಯವರು(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿ ತೇವವನ್ನು ಕಂಡುಹಿಡಿದ ಪ್ರಸಂಗ ನಮಗೆಲ್ಲ ಗೊತ್ತು. ಮೇಲೆ ಒಣಗಿದ ಧಾನ್ಯ, ಅಡಿಯಲ್ಲಿ ಒದ್ದೆ. ಸಿಲ್ ಮೇಲೆ ಬಳಿದ ಹೊಸ ಲೇಪವೂ ಅದೇ ಜಾತಿಯದ್ದು. ಲೇಪ ತಪ್ಪೆಂದಲ್ಲ, ಅದು ತುಕ್ಕು ತಡೆಯಲು ಬಳಿಯುವ ಒಳ್ಳೆಯ ವಸ್ತುವೇ. ಆದರೆ ಬಳಿಯುವ ಮುನ್ನ ಬರಿಯ ಕಬ್ಬಿಣದ ಫೋಟೋ ತೆಗೆದಿಟ್ಟವರು ಒಂದು ಜಾತಿ, ತೆಗೆಯದವರು ಇನ್ನೊಂದು ಜಾತಿ. ಸಿಲ್ ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿಸಿದ್ದರೆ ಅದನ್ನು ಬಿಲ್ ಸಮೇತ ಹೇಳಿಬಿಡುವುದು ಮೇಲು. ಒಳ್ಳೆಯ ಟಿಂಕರಿಂಗ್ ಆದ ಕಾರಿಗೆ ಕೊಳ್ಳುವವರು ಸಿಗುತ್ತಾರೆ. ಅಡಗಿಸಿದ್ದು ಜ್ಯಾಕ್ ಏರಿಸಿದ ಕ್ಷಣದಲ್ಲಿ ಹೊರಬಿದ್ದರೆ ನೀವು ಹೇಳಿದ ಉಳಿದ ಸತ್ಯಗಳೂ ಸುಳ್ಳಾಗುತ್ತವೆ.

ಕಾನೂನಿನ ಮಾತೂ ಇದೆ. ಬ್ರಿಟನ್ನಿನಲ್ಲಿ ಖಾಸಗಿ ವ್ಯಕ್ತಿ ಕಾರು ಮಾರುವಾಗ ಡೀಲರ್‌ಗಿರುವಷ್ಟು ಹೊಣೆ ಇಲ್ಲ, ನೋಡಿ ಕೊಳ್ಳುವುದು ಕೊಳ್ಳುವವನ ಕೆಲಸ. ಆದರೆ ವಸ್ತು ನೀವು ವರ್ಣಿಸಿದಂತೆ ಇರಬೇಕು, ಮಾರುವ ಹಕ್ಕು ನಿಮಗಿರಬೇಕು. ‘ತುಕ್ಕೇ ಇಲ್ಲ’ ಎಂದು ಬರೆದು ಮಾರಿ, ತುಕ್ಕು ಸಿಕ್ಕರೆ ಆತ ನಿಮ್ಮನ್ನು ನ್ಯಾಯಾಲಯಕ್ಕೆ ಎಳೆಯಬಹುದು. ‘ನನಗೆ ಕಂಡ ಮಟ್ಟಿಗೆ ಇಂತಿಂಥಲ್ಲಿ ತುಕ್ಕಿದೆ’ ಎಂದು ಬರೆದವನಿಗೆ ಆ ಭಯವಿಲ್ಲ.

ಮೀಟರ್ ಹೇಳಿದ್ದನ್ನು ಕಾಗದ ಒಪ್ಪಬೇಕು

ಮೀಟರ್ ಹಿಂದಕ್ಕೆ ತಿರುಗಿಸುವ ವಿದ್ಯೆ ನಮ್ಮಲ್ಲಿರುವಂತೆ ಅಲ್ಲಿಯೂ ಇದೆ. ಆಶ್ಚರ್ಯವೆಂದರೆ, ಬ್ರಿಟನ್ನಿನಲ್ಲಿ ಮೀಟರ್ ತಿರುಗಿಸುವುದೇ ಅಪರಾಧವಲ್ಲ. ತಿರುಗಿಸಿದ್ದನ್ನು ಹೇಳದೆ ಮಾರುವುದು ವಂಚನೆ. ಆದ್ದರಿಂದ ‘ಬರೀ 28,000 ಮೈಲಿ’ ಎಂದರೆ ಯಾರೂ ಸುಮ್ಮನೆ ನಂಬುವುದಿಲ್ಲ. ಅವರು ಎಂಒಟಿ ಇತಿಹಾಸವನ್ನು ತೆಗೆದು ನೋಡುತ್ತಾರೆ.

ಎಂಒಟಿ ಎಂದರೆ ನಮ್ಮ ಎಫ್‌ಸಿಯಂಥದ್ದು. ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷವೂ ಪರೀಕ್ಷೆ. ಬ್ರೇಕ್, ಲೈಟ್, ಟಯರ್, ತುಕ್ಕು ಎಲ್ಲ ನೋಡಿ ಮೀಟರ್ ಅಂಕಿಯನ್ನೂ ಬರೆದುಕೊಳ್ಳುತ್ತಾರೆ. 2005ರಿಂದ ಈಚಿನ ದಾಖಲೆಯನ್ನು ಕಾರಿನ ನಂಬರ್ ಗೊತ್ತಿದ್ದರೆ ಯಾರು ಬೇಕಾದರೂ ಸರಕಾರದ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಪ್ರತಿ ವರ್ಷ ಎಂಟುನೂರು, ಸಾವಿರ ಎಂದು ಮೆಲ್ಲನೆ ಏರಿದ ಅಂಕಿಗಳ ಸಾಲಿಗಿಂತ ಒಳ್ಳೆಯ ಜಾಹೀರಾತು ಬೇರೆ ಬೇಕೇ? ಪಾಸಾದರೂ ‘ಇದನ್ನು ಗಮನಿಸಿ’ ಎಂದು ಪರೀಕ್ಷಕ ಬರೆದ ಟಿಪ್ಪಣಿಯೂ ಅಲ್ಲಿಯೇ ಇರುತ್ತದೆ. ‘ಹಿಂದಿನ ಸಿಲ್‌ನಲ್ಲಿ ತುಕ್ಕು’ ಎಂದು ಮೂರು ವರ್ಷ ಸತತವಾಗಿ ಬರೆದು ನಾಲ್ಕನೆಯ ವರ್ಷ ಆ ಮಾತು ಮಾಯವಾಗಿದ್ದರೆ, ನಡುವೆ ಏನಾಯಿತೆಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರಕ್ಕೆ ಬಿಲ್ ಬೇಕು.

ನಡುವೆ ನಾಲ್ಕಾರು ವರ್ಷ ಪರೀಕ್ಷೆಯೇ ಇಲ್ಲದಿದ್ದರೆ? ಗಾಬರಿಯಾಗಬೇಕಾಗಿಲ್ಲ. ಕಾರನ್ನು ರಸ್ತೆಗಿಳಿಸುವುದಿಲ್ಲವೆಂದು ಸಾರಿಗೆ ಇಲಾಖೆಗೆ, ಅಂದರೆ ಡಿವಿಎಲ್ಎಗೆ, ತಿಳಿಸಿ ಗ್ಯಾರೇಜಿನಲ್ಲಿಟ್ಟರೆ ತೆರಿಗೆಯೂ ಇಲ್ಲ, ಪರೀಕ್ಷೆಯೂ ಇಲ್ಲ. ಇದಕ್ಕೆ ಸಾರ್ನ್ ಎನ್ನುತ್ತಾರೆ. ಅದನ್ನು ಜಾಹೀರಾತಿನಲ್ಲೇ ಬರೆದುಬಿಡಿ. ಮತ್ತು ಸಾಧ್ಯವಾದರೆ ಹೊಸ ಎಂಒಟಿ ಮಾಡಿಸಿಯೇ ಮಾರಿ. ‘ಎದ್ದು ನಿಂತರೆ ಓಡುತ್ತದೆ’ ಎನ್ನುವ ಕಾರಿಗೂ ‘ಮೊನ್ನೆ ಪಾಸಾಗಿದೆ’ ಎನ್ನುವ ಕಾರಿಗೂ ಬರುವ ಬೆಲೆಯಲ್ಲಿನ ವ್ಯತ್ಯಾಸ ಪರೀಕ್ಷೆಯ ಶುಲ್ಕಕ್ಕಿಂತ ಎಷ್ಟೋ ಹೆಚ್ಚು.

ಇನ್ನೊಂದು ಗೊಂದಲವನ್ನೂ ಹೇಳಬೇಕು. ಜಪಾನಿನಲ್ಲಿ ಇದೇ ಕಾರು ಯೂನೋಸ್ ರೋಡ್‌ಸ್ಟರ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಅಲ್ಲಿ ಬಳಸಿದ ಎಷ್ಟೋ ಕಾರುಗಳು ಬ್ರಿಟನ್ನಿಗೆ ಬಂದಿವೆ. ಸ್ಟೇರಿಂಗ್ ಎರಡು ದೇಶಗಳಲ್ಲೂ ಬಲಗಡೆಯೇ. ಆದರೆ ಅವುಗಳ ಮೀಟರ್ ಕಿಲೋಮೀಟರಿನದು. 60,000 ಕಿಲೋಮೀಟರ್ ಎಂದರೆ ಸುಮಾರು 37,000 ಮೈಲಿ. ಮೀಟರ್ ಬದಲಿಸಿದ್ದರೆ ಯಾವಾಗ, ಎಷ್ಟು ಅಂಕಿಯಲ್ಲಿ ಎಂದು ಬರೆದಿಟ್ಟ ಚೀಟಿ ಇರಬೇಕು. ಇಲ್ಲದಿದ್ದರೆ ಪ್ರಾಮಾಣಿಕನೂ ಕಳ್ಳನಂತೆ ಕಾಣುತ್ತಾನೆ.

ಹೆಚ್ಚಿನ ಮನೆಗಳಲ್ಲಿ ಈ ಬಿಲ್ಲುಗಳನ್ನು ಕೂಡಿಡುವುದು ಯಾರು? ಕಾರು ಕೊಂಡವನಲ್ಲ, ಅವನ ಮಡದಿ. ಕರೆಂಟು ಬಿಲ್ಲಿನ ಜೊತೆ, ಮಕ್ಕಳ ಲಸಿಕೆಯ ಕಾರ್ಡಿನ ಜೊತೆ ಅದೂ ಒಂದು ಕಡತದಲ್ಲಿ ಸೇರಿರುತ್ತದೆ. ಹಳೆಯ ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಆ ಕಡತದ್ದು ಎಂದರೆ ಉತ್ಪ್ರೇಕ್ಷೆಯಲ್ಲ.

ಆಕೆಯೊಬ್ಬಳೇ ಉಳಿದಾಗ

ಒಂದು ಮನೆಯನ್ನು ಊಹಿಸಿಕೊಳ್ಳಿ. ಗಂಡ ತೀರಿಕೊಂಡಿದ್ದಾನೆ. ಗ್ಯಾರೇಜಿನಲ್ಲಿ ಆತ ಮಗುವಿನಂತೆ ನೋಡಿಕೊಂಡ ಕಾರಿದೆ. ಆಕೆಗೆ ಕಾರಿನ ವಿಷಯ ಗೊತ್ತಿಲ್ಲ. ಸಂತಾಪ ಹೇಳಲು ಬಂದವರಲ್ಲೇ ಒಬ್ಬ, ‘ಹಳೆಯದಲ್ಲವೇ ಅಕ್ಕಾ, ಇಷ್ಟಕ್ಕೆ ಕೊಟ್ಟುಬಿಡಿ, ಒಯ್ಯುತ್ತೇನೆ’ ಎನ್ನುತ್ತಾನೆ. ಬೇಗ ಕೈತೊಳೆದುಕೊಳ್ಳುವ ಆಸೆ ಆಕೆಗೂ ಇರುತ್ತದೆ. ಇಂತಹ ಹೊತ್ತಿನಲ್ಲಿ ಒಪ್ಪಬಾರದು.

ಮೊದಲು ಸಾವಿನ ವಿಷಯವನ್ನು ಡಿವಿಎಲ್ಎಗೆ ತಿಳಿಸಬೇಕು. ಸಾವನ್ನು ಹಲವು ಸರಕಾರಿ ಇಲಾಖೆಗಳಿಗೆ ಒಮ್ಮೆಲೇ ತಿಳಿಸುವ ‘ಟೆಲ್ ಅಸ್ ಒನ್ಸ್’ ಎಂಬ ಸೇವೆ ಅಲ್ಲಿದೆ. ವಿಮೆ ಗಂಡನ ಹೆಸರಿನಲ್ಲಿದ್ದರೆ ಅದು ಸಾಮಾನ್ಯವಾಗಿ ಆತನೊಂದಿಗೇ ಮುಗಿಯುತ್ತದೆ. ಆದ್ದರಿಂದ ಬಂದವರು ‘ಒಂದು ರೌಂಡ್ ಓಡಿಸಿ ನೋಡುತ್ತೇನೆ’ ಎಂದರೆ ಕೀಲಿ ಕೊಡಬಾರದು. ಆಸ್ತಿಯ ವಿಲೇವಾರಿಯ ಅಧಿಕಾರ ಯಾರಿಗಿದೆಯೋ ಅವರೇ ಮಾರಬೇಕು. ವಿ5ಸಿ ಎಂಬ ನೋಂದಣಿ ಪುಸ್ತಕ ನಮ್ಮ ಆರ್‌ಸಿಯಂತೆ ಕಂಡರೂ ಅದರಲ್ಲಿ ಹೆಸರಿರುವವನೇ ಮಾಲೀಕನೆಂದು ಅರ್ಥವಲ್ಲ, ಕಾರಿನ ಜವಾಬ್ದಾರಿ ಹೊತ್ತವನೆಂದಷ್ಟೇ. ಮಕ್ಕಳು, ಅಣ್ಣ ತಮ್ಮಂದಿರು ಈ ವಿಷಯವನ್ನು ಮೊದಲೇ ಮಾತಾಡಿ ಮುಗಿಸಿಕೊಂಡರೆ ಕಾರಿನ ನೆಪದಲ್ಲಿ ಮನಸ್ತಾಪ ಬರುವುದಿಲ್ಲ. ಆಮೇಲೆ ಈ ಕಾರನ್ನೇ ಬಲ್ಲ ಒಬ್ಬ ಮೆಕ್ಯಾನಿಕ್‌ಗೆ ಹಣ ಕೊಟ್ಟು ಅಡಿಯಿಂದ ಮುಡಿಯವರೆಗೆ ಪರೀಕ್ಷೆ ಮಾಡಿಸಿ ಬರಹದಲ್ಲಿ ಪಡೆಯುವುದು ಒಳ್ಳೆಯದು. ಬೆಲೆ ಕೇಳಲು ಬಂದವನ ಬಾಯಿಂದ ಬೆಲೆ ತಿಳಿದುಕೊಳ್ಳುವಷ್ಟು ದುಬಾರಿ ಕೆಲಸ ಇನ್ನೊಂದಿಲ್ಲ.

‘ಊರಿಗೇ ಕಳಿಸಿಬಿಡೋಣವೇ, ಮಗ ಓಡಿಸುತ್ತಾನೆ’ ಎಂಬ ಯೋಚನೆಯೂ ಕೆಲವರಿಗೆ ಬರುತ್ತದೆ. ಬೇಡ. ವಿದೇಶದಲ್ಲಿ ಬಳಸಿದ ಕಾರು ತಯಾರಾಗಿ ಮೂರು ವರ್ಷ ಮೀರಿದ್ದರೆ ಭಾರತದ ಆಮದು ನಿಯಮ ಅಡ್ಡ ಬರುತ್ತದೆ. ತೀರಾ ಹಳೆಯ ವಿಂಟೇಜ್ ಕಾರುಗಳ ದಾರಿ ಬೇರೆ, ಆ ಸಾಲಿಗೆ ಸೇರುವ ವಯಸ್ಸು ಇದಕ್ಕಿನ್ನೂ ಆಗಿಲ್ಲ.

ಬೆಲೆ, ಋತು ಮತ್ತು ಲಂಡನ್

ಮಾಡಿಲ್ಲದ ಕಾರನ್ನು ನವೆಂಬರದ ಮಳೆಯಲ್ಲಿ ಮಾರಲು ಹೊರಡುವುದು ಜೂನ್ ತಿಂಗಳಲ್ಲಿ ಮಣ್ಣಿನ ಹೂಜಿ ಮಾರಿದಂತೆ. ಬಿಸಿಲು ಕಾಣುವ ಮಾರ್ಚ್, ಏಪ್ರಿಲ್ ಬಂದರೆ ಅದೇ ಕಾರಿಗೆ ಫೋನ್ ಕರೆಗಳು ಬರುತ್ತವೆ. ಅವಸರವಿಲ್ಲದಿದ್ದರೆ ಕಾಯಬೇಕು.

ಲಂಡನ್ನಿನವರಿಗೆ ಇನ್ನೊಂದು ತೊಡಕಿದೆ. 2019ರಲ್ಲಿ ನಗರದ ನಡುಭಾಗದಲ್ಲಿ ಆರಂಭವಾದ ಯುಲೆಜ್ ಎಂಬ ಹೊಗೆ ನಿಯಂತ್ರಣ ವಲಯವನ್ನು 2023ರ ಆಗಸ್ಟ್ 29ರಂದು ಲಂಡನ್ನಿನ ಎಲ್ಲ ಬಡಾವಣೆಗಳಿಗೂ ವಿಸ್ತರಿಸಿದರು. ಯೂರೋ 4 ಮಟ್ಟ ಮುಟ್ಟದ ಪೆಟ್ರೋಲ್ ಕಾರು ರಸ್ತೆಗಿಳಿದರೆ ದಿನಕ್ಕೆ 12.50 ಪೌಂಡ್ ಶುಲ್ಕ. 2006ಕ್ಕಿಂತ ಹಿಂದಿನ ಬಹಳಷ್ಟು ಕಾರುಗಳು ಇದರಲ್ಲಿ ಸಿಕ್ಕಿಬೀಳುತ್ತವೆ, ಕೆಲವು ಪಾಸೂ ಆಗುತ್ತವೆ. ಕಾರಿನ ನಂಬರ್ ಹಾಕಿ ನೋಡಿದರೆ ತಿಳಿಯುತ್ತದೆ. ಫೇಲಾದರೆ ಪಕ್ಕದ ಬೀದಿಯವನಿಗೆ ಮಾರುವ ಆಸೆ ಬಿಟ್ಟು ಲಂಡನ್ನಿನ ಹೊರಗಿನವರನ್ನು ಹುಡುಕಬೇಕು. 2021ರ ಸೆಪ್ಟೆಂಬರಿನಿಂದ ಅಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥೆನಾಲ್ ಇದೆ. ಹಳೆಯ ಕಾರಿಗೆ ಅದು ಒಗ್ಗುತ್ತದೆಯೇ ಎಂದು ಕೊಳ್ಳುವವನು ಕೇಳುತ್ತಾನೆ, ಸರಕಾರದ ಜಾಲತಾಣದಲ್ಲಿ ನೋಡಿಟ್ಟುಕೊಂಡಿರಿ.

ಹೊಸ ಮಾಡು ಹಾಕಿಸಿ, ಹೊಸ ಬಣ್ಣ ಹೊಡೆಸಿ ಮಾರಬೇಕೇ ಎಂಬುದಕ್ಕೆ ನನ್ನ ಅಭಿಪ್ರಾಯ: ಬೇಡ. ಹಳೆಯ ಕಾರನ್ನು ಪ್ರೀತಿಸುವವನಿಗೆ ಮೂಲದ್ದೇ ಬೇಕು. ಮಾಜ್ಡಾ ಕಂಪೆನಿಯೇ 2017ರಲ್ಲಿ ಜಪಾನಿನಲ್ಲಿ ಮೊದಲ ಮಾದರಿಯ ಕಾರುಗಳನ್ನು ಮೂಲದಂತೆ ದುರಸ್ತಿ ಮಾಡಿಕೊಡುವ ಯೋಜನೆ ಪ್ರಕಟಿಸಿ, ಮಾಡಿನಿಂದ ಹಿಡಿದು ಟಯರಿನವರೆಗೆ ಹಳೆಯ ಬಿಡಿಭಾಗಗಳನ್ನು ಮತ್ತೆ ತಯಾರಿಸಿತು. ಅಷ್ಟು ಬೆಲೆ ಮೂಲದ್ದಕ್ಕೆ. ತೊಳೆದು, ಒಳಗೆ ಒರೆಸಿ, ಗೀರು ಇರುವ ಕಡೆಯದೂ ಫೋಟೋ ತೆಗೆದು ಹಾಕಿದರೆ ಸಾಕು.

ಬಾಗಿಲಿಗೆ ಬಂದವರು

ನೋಡಲು ಬರುವವರು ಅಪರಿಚಿತರು. ಮನೆಯಲ್ಲಿ ಒಬ್ಬರೇ ಇರುವಾಗ ಬರಹೇಳಬೇಡಿ. ಹಗಲಿನಲ್ಲಿ, ಮಳೆ ಇಲ್ಲದ ದಿನ ಕರೆಯಿರಿ. ಒದ್ದೆಯಾದ ಬಣ್ಣದಲ್ಲಿ ದೋಷ ಕಾಣುವುದಿಲ್ಲವೆಂದು ತಿಳಿದವರು ಹೇಗೂ ಮತ್ತೆ ಬರುತ್ತಾರೆ. ಎಂಜಿನ್ ಮೊದಲೇ ಬಿಸಿ ಮಾಡಿಡಬೇಡಿ, ತಣ್ಣಗಿನ ಎಂಜಿನ್ ಹೇಗೆ ಹೊರಡುತ್ತದೆಂದು ನೋಡುವುದು ಅವರ ಹಕ್ಕು. ಓಡಿಸುವವರ ಲೈಸೆನ್ಸ್, ವಿಮೆ ಎರಡನ್ನೂ ನೋಡಿ, ನೀವೂ ಪಕ್ಕದಲ್ಲಿ ಕೂತು ಹೋಗಿ. ಚಾಲಕನ ಜಾಗ ಬದಲಿಸುವಾಗ ಕೀಲಿ ನಿಮ್ಮ ಕೈಯಲ್ಲಿರಲಿ. ಹಣ ಬ್ಯಾಂಕಿಗೆ ಬಂದದ್ದನ್ನು ನಿಮ್ಮ ಖಾತೆಯಲ್ಲೇ ನೋಡಿ ಖಚಿತ ಮಾಡಿಕೊಳ್ಳಬೇಕು, ಅವರ ಮೊಬೈಲಿನ ಪರದೆಯಲ್ಲಿ ಅಲ್ಲ.

ಮಾರಾಟವಾದ ಕೂಡಲೇ ವಿ5ಸಿಯಲ್ಲಿರುವ ಹೊಸಬರ ಹಸಿರು ಚೀಟಿಯನ್ನು ಅವರಿಗೆ ಕೊಟ್ಟು, ಅವರ ಎದುರಿನಲ್ಲೇ ಡಿವಿಎಲ್ಎಗೆ ಆನ್‌ಲೈನ್‌ನಲ್ಲಿ ತಿಳಿಸುವುದು ಉತ್ತಮ. ನಾಳೆ ಆ ಕಾರು ವೇಗಮಿತಿ ಮೀರಿದರೆ ದಂಡದ ಕಾಗದ ನಿಮ್ಮ ಮನೆಗೆ ಬರಬಾರದಲ್ಲ! 2014ರ ಅಕ್ಟೋಬರಿನಿಂದ ರಸ್ತೆ ತೆರಿಗೆ ಕಾರಿನ ಜೊತೆ ಹೊಸಬರಿಗೆ ಹೋಗುವುದಿಲ್ಲ. ಉಳಿದ ಪೂರ್ತಿ ತಿಂಗಳುಗಳ ಹಣ ನಿಮಗೇ ವಾಪಸು ಬರುತ್ತದೆ, ಅವರು ಹೊಸದಾಗಿ ತೆರಿಗೆ ಕಟ್ಟಿಯೇ ಹೊರಡಬೇಕು. ವಿಮೆ ರದ್ದು ಮಾಡಿಸುವುದು ಅದರ ನಂತರ.

ಮಾಲೀಕರ ಕೈಪಿಡಿ, ಎರಡನೆಯ ಕೀಲಿ, ಮಡಚಿದ ಮಾಡಿನ ಮೇಲೆ ಹಾಕುವ ಹೊದಿಕೆ ಇವನ್ನೆಲ್ಲ ಹುಡುಕಿ ಡಿಕ್ಕಿಯಲ್ಲಿಟ್ಟು ಕೊಡಿ. ಶೆಡ್ಡಿನ ಮೂಲೆಯಲ್ಲಿ ಈ ಕಾರಿನದ್ದೇ ಗಟ್ಟಿ ಮಾಡು, ಅವರು ಹಾರ್ಡ್‌ಟಾಪ್ ಎನ್ನುವುದು, ಬಿದ್ದಿದ್ದರೆ ಅದನ್ನು ಹಾಗೆಯೇ ಕೊಟ್ಟುಬಿಡಬೇಡಿ. ಅದಕ್ಕೆ ಬೇರೆಯೇ ಗಿರಾಕಿಗಳಿದ್ದಾರೆ.